ಸತ್ಯಾಂಶ: ಈ ಕೌದಿಗಳಲ್ಲಿ ಗುಪ್ತ ನಕ್ಷೆ ಇಲ್ಲ

ಅಮೆರಿಕದ ಗುಲಾಮರು ತಪ್ಪಿಸಿಕೊಳ್ಳುವ ದಾರಿಯನ್ನು ಕೌದಿಯಲ್ಲಿ ಗುಟ್ಟಾಗಿ ಹೊಲಿಯುತ್ತಿದ್ದರು ಎಂಬ ಸಂದೇಶ ಓಡಾಡುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಆ ಕಾಲದ ಪುರಾವೆ ಸಿಕ್ಕಿಲ್ಲ. ಕಥೆ ಜಾಸ್ತಿ ಹರಡಿದ್ದು 1999ರ ಪುಸ್ತಕವೊಂದರಿಂದ.

ನಿಜವಾದ ಕೌದಿಗಳನ್ನೇ ನೋಡೋಣ. ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ ಅವರ ಎರಡು ಕೌದಿಗಳು ಉಳಿದಿವೆ. ಒಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್‌ನಲ್ಲಿ, ಇನ್ನೊಂದು ಬಾಸ್ಟನ್ ಮ್ಯೂಸಿಯಂನಲ್ಲಿ. ಎರಡೂ ಗುಲಾಮಗಿರಿ ರದ್ದಾದ 1865ರ ನಂತರದವು. ಮೊದಲನೆಯದನ್ನು ಅವರು ಕಷ್ಟಕಾಲದಲ್ಲಿ ಬರೀ 5 ಡಾಲರಿಗೆ ಮಾರಬೇಕಾಯಿತು, ಓದುವಾಗ ಸಂಕಟವಾಗುತ್ತದೆ.

ಬಟ್ಟೆ ತುಂಡುಗಳನ್ನು ಕತ್ತರಿಸಿ, ಮೇಲೆ ಹೊಲಿದು ಬೈಬಲ್ ಕಥೆಗಳನ್ನು ಮೂಡಿಸಿದ್ದಾರೆ. ಬಾಸ್ಟನ್ನಿನದರಲ್ಲಿ 1833ರ ಉಲ್ಕೆಗಳ ಮಳೆಯೂ ಇದೆ. ಮೊದಲ ಕೌದಿಯನ್ನು ಮಾರುವಾಗ ಒಂದೊಂದು ಚಿತ್ರವನ್ನೂ ಪವರ್ಸ್ ಅವರೇ ವಿವರಿಸಿದರು, ಕೊಂಡವರು ಬರೆದಿಟ್ಟರು. ಅದರಲ್ಲಿ ದಾರಿಯ ಮಾತೇ ಇಲ್ಲ.