ಲ್ಯಾಬ್ ಟೆಕ್ನಿಷಿಯನ್ ಮೇಲೆ ಕೇಸ್ ಹಾಕೋಕೆ ಬರಲ್ವಾ?

ಕಲಬುರಗಿಯ ಲ್ಯಾಬ್, ಎಕ್ಸ್‌ರೇ, ಫಿಸಿಯೋಥೆರಪಿ ಸಿಬ್ಬಂದಿಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಆಗಾಗ ಸುತ್ತುತ್ತದೆ: ಪರಿಹಾರದ ಕೇಸ್ ಡಾಕ್ಟರ್ ಮೇಲೆ ಮಾತ್ರ, ಉಳಿದವರನ್ನು ಆಸ್ಪತ್ರೆಯ ವಿಮೆಯೇ ನೋಡಿಕೊಳ್ಳುತ್ತದೆ. ಇದು ಸರಿಯಲ್ಲ.

2019ರ ಗ್ರಾಹಕ ರಕ್ಷಣಾ ಕಾಯ್ದೆ ಹುದ್ದೆ ನೋಡುವುದಿಲ್ಲ. ಹಣ ಪಡೆದು ಕೊಟ್ಟ ಸೇವೆಯಲ್ಲಿ ಕೊರತೆ ಇತ್ತೇ ಎಂದು ನೋಡುತ್ತದೆ. ರಕ್ತದ ಸ್ಯಾಂಪಲ್ ಅದಲುಬದಲಾದರೂ ದೂರು ಕೊಡಬಹುದು. ಸಿಬ್ಬಂದಿಯ ತಪ್ಪಿಗೆ ಆಸ್ಪತ್ರೆಯೂ ಹೊಣೆ, ನಿಜ. ಮೆಸೇಜ್ ಹುಟ್ಟಿದ್ದು ಬಹುಶಃ ಇಲ್ಲಿಂದಲೇ. ಆದರೆ ಆಸ್ಪತ್ರೆ ವಿಮೆ ಮಾಡಿಸಿದೆಯೇ, ಅದರಲ್ಲಿ ನೀವು ಸೇರಿದ್ದೀರಾ ಅನ್ನೋದು ಬೇರೆ ಮಾತು. ಡ್ಯೂಟಿ ಮುಗಿಸಿ ಸೇಡಂ ರಸ್ತೆ ಕಡೆ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿ, ಸ್ವಂತ ಫೀಸ್ ಪಡೆಯುವವರು ಆಸ್ಪತ್ರೆಯ ವಿಮೆ ನಂಬಿ ಕೂರುವುದಂತೂ ಸುಮ್ನೆ ರಿಸ್ಕ್.

ಪರೀಕ್ಷಿಸುವುದು ಕಷ್ಟವಲ್ಲ. ಆಫೀಸಿನಲ್ಲಿ ಪಾಲಿಸಿಯ ಪ್ರತಿ ಕೇಳಿ. ವಿಮೆ ಯಾರ್ಯಾರಿಗೆ, ಹೊರಗಿಟ್ಟದ್ದೇನು, ಈ ಎರಡು ಭಾಗ ಓದಿ. ವೃತ್ತಿ ಹೊಣೆಗಾರಿಕೆ ಪಾಲಿಸಿ, ಅಂದರೆ ಕೆಲಸದಲ್ಲಾದ ತಪ್ಪಿನ ಪರಿಹಾರಕ್ಕಾಗಿ ಇರುವ ವಿಮೆ, ಸಾಮಾನ್ಯವಾಗಿ ತಾನು ಚಾಲ್ತಿಯಲ್ಲಿದ್ದಾಗ ಬಂದ ಕ್ಲೇಮಿಗೆ ಮಾತ್ರ ಅನ್ವಯ. ಕೆಲಸ ಬಿಟ್ಟ ಮೇಲೆ ನೋಟಿಸ್ ಬಂದರೆ? ಅದನ್ನೂ ಕೇಳಿಬಿಡಿ. ಸ್ವಂತ ಪಾಲಿಸಿ ಕೊಳ್ಳುವುದಾದರೆ ಅದರ ಯುಐಎನ್ (ಪ್ರತಿ ವಿಮಾ ಯೋಜನೆಗೂ ಇರುವ ವಿಶಿಷ್ಟ ಗುರುತಿನ ಸಂಖ್ಯೆ) ಅನ್ನು ವಿಮಾ ನಿಯಂತ್ರಣ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಹುಡುಕಬಹುದು. ಅನುಮಾನವಿದ್ದರೆ ಪ್ರಾಧಿಕಾರದ ಸಹಾಯವಾಣಿ 155255ಕ್ಕೆ ಕರೆ ಮಾಡಿ.