ಕೈಕಾಲು ನಾಲ್ಕು, ಕೆಲಸ ಐದು

ಸೈಕಲ್ ತುಳಿಯಲು ಬರುವವರಿಗೆ ಮೋಟಾರ್ ಸೈಕಲ್ ಕಲಿಯುವುದು ನೀರು ಕುಡಿದಷ್ಟು ಸಲೀಸು ಎಂದು ಹೇಳುವವರೆಲ್ಲ ಅದನ್ನು ಕಲಿತು ಬಹಳ ಕಾಲವಾದವರೇ ಆಗಿರುತ್ತಾರೆ. ಬ್ಯಾಲೆನ್ಸ್ ಒಂದಿದ್ದರೆ ಸಾಕು, ಉಳಿದದ್ದು ತಾನಾಗಿಯೇ ಬರುತ್ತದೆ ಎಂಬುದು ಅವರ ಸಿದ್ಧಾಂತ. ಆ ‘ಉಳಿದದ್ದರಲ್ಲಿ’ ಏನೇನಿದೆ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಎಡಗೈಗೆ ಕ್ಲಚ್, ಎಡಗಾಲಿಗೆ ಗೇರ್, ಬಲಗಾಲಿಗೆ ಹಿಂದಿನ ಬ್ರೇಕ್. ಬಲಗೈಗಂತೂ ಆಕ್ಸಿಲರೇಟರ್ ಮತ್ತು ಮುಂದಿನ ಬ್ರೇಕ್ ಎಂಬ ಎರಡೆರಡು ಖಾತೆಗಳು. ಗಾಡಿಯನ್ನು ಓಡಿಸುವ ಅಧಿಕಾರವನ್ನೂ ನಿಲ್ಲಿಸುವ ಅಧಿಕಾರವನ್ನೂ ಒಂದೇ ಮುಷ್ಟಿಗೆ ಒಪ್ಪಿಸಿದ ಇಂಥ ಖಾತೆ ಹಂಚಿಕೆಗೆ ಯಾವ ಸಚಿವ ಸಂಪುಟದಲ್ಲಾದರೂ ಭಿನ್ನಮತ ಏಳದೆ ಇರುತ್ತಿರಲಿಲ್ಲ.

ನನ್ನ ಅನುಭವದಲ್ಲಿ ಸೈಕಲ್ ಬರುತ್ತದೆ ಎಂಬುದೇ ಇಲ್ಲಿ ಮೊದಲ ಅಡ್ಡಿ. ಸೈಕಲ್ಲಿನಲ್ಲಿ ಎರಡೂ ಕೈಗಳ ಕೆಳಗೆ ಬ್ರೇಕ್ ಇರುವುದರಿಂದ, ಹೆದರಿದಾಗ ಸಿಕ್ಕಿದ್ದನ್ನೆಲ್ಲ ಗಟ್ಟಿಯಾಗಿ ಒತ್ತಿ ಹಿಡಿದರೆ ಬದುಕಿಕೊಳ್ಳಬಹುದು ಎಂಬ ನಂಬಿಕೆ ಬಾಲ್ಯದಿಂದಲೇ ಬೆರಳುಗಳಲ್ಲಿ ನೆಲೆಸಿರುತ್ತದೆ. ಅದೇ ನಂಬಿಕೆಯಿಂದ ಬೈಕಿನ ಮೇಲೆ ಎರಡೂ ಕೈ ಬಿಗಿ ಹಿಡಿದರೆ, ಎಡಗೈಯು ಎಂಜಿನ್ನಿಗೂ ಚಕ್ರಕ್ಕೂ ಇರುವ ಸಂಬಂಧವನ್ನು ಕಡಿದುಹಾಕುತ್ತದೆ, ಬಲಗೈಯು ಮುಂದಿನ ಚಕ್ರವನ್ನು ಕಚ್ಚಿ ನಿಲ್ಲಿಸುತ್ತದೆ, ಗಾಬರಿಯಲ್ಲಿ ಬಲ ಮಣಿಕಟ್ಟು ಆಕ್ಸಿಲರೇಟರನ್ನೂ ತಿರುಚಿರುವುದರಿಂದ ನಿಂತಲ್ಲೇ ನಿಂತ ಗಾಡಿ ಬೀದಿಗೆಲ್ಲ ಕೇಳುವಂತೆ ಅರಚತೊಡಗುತ್ತದೆ.

ನನಗೆ ಕಲಿಸಲು ಮುಂದೆ ಬಂದವನು ನನ್ನ ತಮ್ಮ. ಅವನು ಸೈಕಲ್ ಕಲಿಯುವಾಗ ಕ್ಯಾರಿಯರ್ ಹಿಡಿದು ಹಿಂದೆ ಓಡಿದವಳು ನಾನು. ಆ ಋಣವನ್ನು ಬಡ್ಡಿ ಸಮೇತ ತೀರಿಸುವ ಉತ್ಸಾಹ ಅವನ ಮುಖದ ಮೇಲೆ ಎದ್ದು ಕಾಣುತ್ತಿತ್ತು. ಆದರೆ ಮೋಟಾರ್ ಸೈಕಲ್ಲನ್ನು ಹಿಂದಿನಿಂದ ಹಿಡಿದುಕೊಂಡು ಓಡಲು ಆಗುವುದಿಲ್ಲ. ಹೀಗಾಗಿ ಗುರುವಾದವನು ಹಿಂದಿನ ಸೀಟಿನಲ್ಲಿ ಕೂರಬೇಕು. ಅಲ್ಲಿಂದ ಅವನಿಗೆ ಕ್ಲಚ್ ಎಟುಕುವುದಿಲ್ಲ, ಬ್ರೇಕ್ ಎಟುಕುವುದಿಲ್ಲ, ಕಾರು ಕಲಿಸುವವರ ಕಾಲ ಬುಡದಲ್ಲಿರುವಂಥ ಇನ್ನೊಂದು ಪೆಡಲ್ಲೂ ಇಲ್ಲ. ಅವನ ಬಳಿ ಉಳಿಯುವ ಏಕೈಕ ನಿಯಂತ್ರಣ ಸಾಧನವೆಂದರೆ ಬಾಯಿ.

“ಅಕ್ಕ, ಕ್ಲಚ್ ಬಿಡು” ಎಂದ. ನಾನು ಬಿಟ್ಟೆ. ಗಾಡಿ ಒಮ್ಮೆ ಮುಂದಕ್ಕೆ ಜಿಗಿದು, ಅವನ ಹೆಲ್ಮೆಟ್ ನನ್ನ ಹೆಲ್ಮೆಟ್ಟಿಗೆ ಬಡಿದು, ಎಂಜಿನ್ ಆಫ್ ಆಯಿತು. ಆಮೇಲೆ “ಮೆಲ್ಲಗೆ” ಎಂದ. ಕಲಿಕೆಯ ಉದ್ದಕ್ಕೂ ಅವನ ಸೂಚನೆಗಳಲ್ಲಿ ಕ್ರಿಯಾಪದವು ಎಂಜಿನ್ ಆಫ್ ಆಗುವ ಮೊದಲೂ ಕ್ರಿಯಾವಿಶೇಷಣವು ಆಫ್ ಆದ ನಂತರವೂ ಬಂದುದರಿಂದ ನಮ್ಮಿಬ್ಬರ ಹೆಲ್ಮೆಟ್ಟುಗಳು ಮೇಲಿಂದ ಮೇಲೆ ಸಂಧಿಸುತ್ತಿದ್ದವು. ವಿಷಯ ಇಷ್ಟೇ: ಕ್ಲಚ್ಚಿನೊಳಗಿನ ಬಿಲ್ಲೆಗಳು ಒಂದನ್ನೊಂದು ಉಜ್ಜಿಕೊಂಡು ಹಿಡಿತ ಸಾಧಿಸುವ ಜಾಗ, ಲಿವರಿನ ಇಡೀ ಓಟದಲ್ಲಿ ಒಂದು ಬೆರಳಿನ ದಪ್ಪಕ್ಕಿಂತ ಹೆಚ್ಚಿರುವುದಿಲ್ಲ. ಬಲ್ಲವರು ಅದನ್ನು ಹಾಫ್ ಕ್ಲಚ್ ಎನ್ನುತ್ತಾರೆ. ಅದರ ಈಚೆಗೆ ಗಾಡಿ ಕದಲುವುದಿಲ್ಲ, ಆಚೆಗೆ ಹೋದರೆ ಕಾಯುವುದಿಲ್ಲ. ಆ ಜಾಗ ಎಲ್ಲಿದೆಯೆಂದು ಕೇಳಿದರೆ “ಕೈಗೇ ಗೊತ್ತಾಗುತ್ತದೆ” ಎಂಬ ಉತ್ತರ ಬರುತ್ತದೆ. ನನ್ನ ಕೈಗೆ ಗೊತ್ತಾದದ್ದು ನೋವು ಮಾತ್ರ.

ಬೇಸರದಲ್ಲಿ ನಾನು ಈ ವಾಹನದ ಪೂರ್ವಜರ ಕಥೆ ಓದಲು ಕುಳಿತೆ. 1885ರಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬ್ಯಾಕ್ ಸಿದ್ಧಪಡಿಸಿದ ಮರದ ಚೌಕಟ್ಟಿನ ಮೋಟಾರ್ ಗಾಡಿಗೆ, ಬೀಳದಿರಲೆಂದು ಎರಡೂ ಪಕ್ಕದಲ್ಲಿ ಒಂದೊಂದು ಪುಟ್ಟ ಚಕ್ರವಿತ್ತು. ಇಷ್ಟು ವಿವೇಕದಿಂದ ಆರಂಭವಾದ ವಂಶದಲ್ಲಿ ಆ ಚಕ್ರಗಳನ್ನು ಕಿತ್ತುಹಾಕುವ ಸಲಹೆ ಯಾರಿಗೆ ಹೊಳೆಯಿತೋ! ಮುಂದೆ 1894ರಲ್ಲಿ ಮ್ಯೂನಿಕ್‌ನಲ್ಲಿ ಮಾರಾಟಕ್ಕೆಂದು ತಯಾರಾಗತೊಡಗಿದ ಹಿಲ್ಡೆಬ್ರಾಂಡ್ ಮತ್ತು ವೋಲ್ಫ್‌ಮ್ಯುಲ್ಲರ್ ಗಾಡಿಯಲ್ಲಿ ಕ್ಲಚ್ಚೇ ಇರಲಿಲ್ಲ ಎಂದು ಓದಿ ನನಗೆ ರೋಮಾಂಚನವಾಯಿತು. ಆ ರೋಮಾಂಚನ ಮುಂದಿನ ಸಾಲಿನವರೆಗೆ ಮಾತ್ರ ಉಳಿಯಿತು. ಪಿಸ್ಟನ್ ಸೀದಾ ಹಿಂದಿನ ಚಕ್ರಕ್ಕೇ ಜೋಡಣೆಯಾಗಿದ್ದರಿಂದ ಸವಾರನು ಗಾಡಿಯನ್ನು ತಳ್ಳುತ್ತ ಓಡಿ, ಎಂಜಿನ್ ಹೊತ್ತಿಕೊಂಡ ಕೂಡಲೇ ಹಾರಿ ಕೂರಬೇಕಿತ್ತಂತೆ. ಗಾಡಿ ನಿಂತರೆ ಎಂಜಿನ್ನೂ ನಿಂತಂತೆ. ನಾನು ಕ್ಲಚ್ ಇದ್ದೂ ಪಡುತ್ತಿದ್ದ ಪಾಡನ್ನು ಅವರು ಕ್ಲಚ್ ಇಲ್ಲದೆ ಪಟ್ಟಿದ್ದರು.

ಯಾವ ಗೇರಿಗೂ ಸೇರದ ನ್ಯೂಟ್ರಲ್ಲಿನದು ಪ್ರತ್ಯೇಕ ಅಧ್ಯಾಯ. ಒಂದನೆಯ ಗೇರ್ ಕೆಳಗೆ, ಉಳಿದವೆಲ್ಲ ಮೇಲೆ. ಇಷ್ಟು ಹೇಳಿದ ವಿನ್ಯಾಸಕಾರನು ನ್ಯೂಟ್ರಲ್ಲನ್ನು ಮಾತ್ರ ಒಂದಕ್ಕೂ ಎರಡಕ್ಕೂ ನಡುವೆ ಅರ್ಧ ಹೆಜ್ಜೆಯಲ್ಲಿ ಬಚ್ಚಿಟ್ಟಿದ್ದಾನೆ. ಸಿಗ್ನಲ್ಲಿನಲ್ಲಿ ನಿಂತು ಕಾಲಿನ ಹೆಬ್ಬೆರಳಿನಿಂದ ಹಗುರವಾಗಿ ಎತ್ತಿದರೆ ಎರಡಕ್ಕೆ ಹೋಗುತ್ತದೆ, ಹಗುರವಾಗಿ ಒತ್ತಿದರೆ ಒಂದಕ್ಕೆ ಬರುತ್ತದೆ, ನಡುವೆ ಮೀಟರಿನಲ್ಲಿರುವ ನ್ಯೂಟ್ರಲ್ಲಿನ ಹಸಿರು ದೀಪ ಒಂದು ಗಳಿಗೆ ಮಿನುಗಿ ತಾನು ಇರುವುದು ನಿಜವೆಂದು ತಿಳಿಸಿ ಆರಿಹೋಗುತ್ತದೆ. ಗಾಡಿ ಪೂರ್ತಿ ನಿಲ್ಲುವ ಮೊದಲೇ, ಚಕ್ರ ಇನ್ನೂ ಉರುಳುತ್ತಿರುವಾಗಲೇ ನ್ಯೂಟ್ರಲ್ ಹುಡುಕಿದರೆ ಗೇರಿನ ಹಲ್ಲುಗಳು ಸುಲಭವಾಗಿ ಬಿಟ್ಟುಕೊಡುತ್ತವೆ ಎಂಬ ಗುಟ್ಟನ್ನು ತಮ್ಮ ನನಗೆ ಬಹಳ ತಡವಾಗಿ ಹೇಳಿದ. ಅಷ್ಟರಲ್ಲಿ ನನಗೆ ಒಂದು ಹಸಿರು ದೀಪ ಸಿಗುವುದರೊಳಗೆ ರಸ್ತೆಯ ಹಸಿರು ದೀಪ ಬಂದು ಹೋಗುವುದು ವಾಡಿಕೆಯಾಗಿಬಿಟ್ಟಿತ್ತು.

ಇನ್ನು ಬೀಳುವ ವಿಚಾರ. ಹೊಸಬರು ವೇಗದಲ್ಲಿ ಬೀಳುತ್ತಾರೆಂಬುದು ಮನೆಯ ಹಿರಿಯರ ಭಯ. ನಾನಂತೂ ಬಿದ್ದದ್ದೆಲ್ಲ ವೇಗವೇ ಇಲ್ಲದಾಗ. ಹ್ಯಾಂಡಲ್ ಒಂದು ಕಡೆಗೆ ತಿರುಗಿರುವಾಗ, ನಡಿಗೆಯ ವೇಗದಲ್ಲಿ, ಮುಂದಿನ ಬ್ರೇಕನ್ನು ತುಸು ಜೋರಾಗಿ ಹಿಡಿದರೆ ಸಾಕು, ಸುಮಾರು 140 ಕಿಲೋ ತೂಕದ ಆ ವಸ್ತು ಮಧ್ಯಾಹ್ನದ ಬಿಸಿಲಿಗೆ ದಣಿದ ಎಮ್ಮೆ ಕೆಸರಿಗೆ ಇಳಿಯುವಂತೆ ಯಾವ ಅವಸರವೂ ಇಲ್ಲದೆ ಪಕ್ಕಕ್ಕೆ ವಾಲತೊಡಗುತ್ತದೆ. ಒಂದು ಕಾಲಿನಿಂದ ಅದನ್ನು ತಡೆಯಬಹುದೆಂದು ಅನ್ನಿಸುವುದು ಕ್ಷಣಕಾಲ ಮಾತ್ರ. ವೇಗದಲ್ಲಿ ಬಿದ್ದವರಿಗೆ ಸಹಾನುಭೂತಿಯಾದರೂ ದೊರೆಯುತ್ತದೆ, ನಿಂತಲ್ಲೇ ಬಿದ್ದವರಿಗೆ ಪ್ರೇಕ್ಷಕರು ಮಾತ್ರ ದೊರೆಯುತ್ತಾರೆ. ಎತ್ತುವುದಕ್ಕೂ ಒಂದು ಕ್ರಮವಿದೆ: ಸೊಂಟವನ್ನು ಸೀಟಿಗೆ ಒತ್ತಿ, ಒಂದು ಕೈಯಲ್ಲಿ ಹ್ಯಾಂಡಲನ್ನೂ ಇನ್ನೊಂದರಲ್ಲಿ ಚೌಕಟ್ಟನ್ನೂ ಹಿಡಿದು, ಕಾಲಿನ ಬಲದಿಂದ ಸಣ್ಣ ಸಣ್ಣ ಹೆಜ್ಜೆ ಹಿಂದಿಡುತ್ತ ಎಬ್ಬಿಸಬೇಕು. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ಬಿಚ್ಚಿಡಬೇಕು, ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಗಾಡಿ ಎಡಕ್ಕೂ ಒಮ್ಮೆ ಮಲಗಿಬರುತ್ತದೆ. ಗಾಡಿಗೆ ಬೆನ್ನು ಮಾಡಿ ಎತ್ತುವ ಈ ವಿಧಾನದಲ್ಲಿ ಅದರ ಮುಖ ನೋಡುವ ಮುಜುಗರವಿಲ್ಲ ಎಂಬುದು ನನಗೆ ಹಿಡಿಸಿತು.

ಹಾಗೆ ಬಿಚ್ಚಿದ ಸ್ಟ್ಯಾಂಡೇ ಮುಂದಿನ ಪ್ರಹಸನಕ್ಕೆ ಕಾರಣವಾಯಿತು. ನ್ಯೂಟ್ರಲ್ಲಿನಲ್ಲಿ ಎಂಜಿನ್ ಹಿತವಾಗಿ ಗುನುಗುತ್ತಿತ್ತು. ಗೇರ್ ಹಾಕಿದೊಡನೆ ಆಫ್. ಮತ್ತೆ ಸ್ಟಾರ್ಟ್, ಮತ್ತೆ ಗೇರ್, ಮತ್ತೆ ಆಫ್. ನೆರೆದವರಲ್ಲಿ ಒಬ್ಬರು ಪ್ಲಗ್ಗಿನಲ್ಲಿ ಕಸವಿದೆ ಎಂದರು, ಇನ್ನೊಬ್ಬರು ಚೈನ್ ಬಿಗಿಯಾಗಿದೆ ಎಂದರು, ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದವರು ಟ್ಯಾಂಕಿನ ಮುಚ್ಚಳ ತೆರೆದು ಮೂಸಿಯೂ ನೋಡಿದರು. ತಮ್ಮ ಮೊಣಕಾಲೂರಿ ಕ್ಲಚ್ ಕೇಬಲ್ ಸಡಿಲಿಸುವುದರಲ್ಲಿ ಮಗ್ನನಾಗಿದ್ದ. ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಹೆಂಗಸೊಬ್ಬರು ನಿಲ್ಲದೆಯೇ “ಸ್ಟ್ಯಾಂಡ್ ಮಡಚಿ” ಎಂದು ಹೇಳಿ ಹೊರಟುಹೋದರು. ಸ್ಟ್ಯಾಂಡ್ ಇಳಿದಿರುವಾಗ ಗೇರ್ ಹಾಕಿದರೆ ಎಂಜಿನ್ ನಿಲ್ಲಿಸುವ ಸ್ವಿಚ್ಚೊಂದು ಅಲ್ಲಿಯೇ ಇರುತ್ತದೆ. ತಜ್ಞರ ಸಭೆ ಸದ್ದಿಲ್ಲದೆ ಚದುರಿತು.

ಗಾಡಿ ಓಡತೊಡಗಿದ ಮೇಲೆ ಕಣ್ಣಿನ ಕಾಟ ಶುರುವಾಯಿತು. ಕಣ್ಣು ಎತ್ತ ನೆಟ್ಟಿರುತ್ತದೋ ಗಾಡಿ ಅತ್ತ ಸಾಗುತ್ತದೆ. ಅಷ್ಟು ದೊಡ್ಡ ಮೈದಾನದಲ್ಲಿ ಇದ್ದದ್ದು ಒಂದೇ ಒಂದು ಕಲ್ಲು. ಅದಕ್ಕೆ ಬಡಿಯಬಾರದೆಂದು ನಾನು ಅದನ್ನೇ ದಿಟ್ಟಿಸುತ್ತಿದ್ದುದರಿಂದ ಪ್ರತಿ ಸುತ್ತಿನಲ್ಲೂ ಅದರ ದರ್ಶನ ಪಡೆದೇ ಬರುತ್ತಿದ್ದೆ. ಸುಣ್ಣದಲ್ಲಿ ಎಳೆದ 8ರ ಆಕೃತಿಯಲ್ಲಿ ಸುತ್ತುವಾಗಲೂ ಮುಂದಿನ ಚಕ್ರವನ್ನು ನೋಡದೆ, ಭುಜದಾಚೆಗೆ, ಮುಂದೆ ಹೋಗಬೇಕಾದ ತಿರುವನ್ನೇ ನೋಡಬೇಕು; ಹಿಂದಿನ ಬ್ರೇಕನ್ನು ತುಸುವೇ ಒತ್ತಿ, ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ತಾಳ್ಮೆಯಿಂದ ನಡೆಸಬೇಕು. ಇದು ಕೂಡಿಬರುವ ಹೊತ್ತಿಗೆ ತಮ್ಮ ಇನ್ನೊಂದು ಪಾಠ ತೆಗೆದ: ವೇಗ ಸ್ವಲ್ಪ ಏರಿದ ಮೇಲೆ ಬಲಕ್ಕೆ ವಾಲಬೇಕಾದರೆ ಬಲ ಹಿಡಿಯನ್ನು ಮುಂದಕ್ಕೆ ತಳ್ಳಬೇಕು, ಅಂದರೆ ಚಕ್ರವನ್ನು ಒಂದು ಗಳಿಗೆ ಎಡಕ್ಕೆ ತಿರುಗಿಸಬೇಕು; ಸೈಕಲ್ಲಿನಲ್ಲೂ ಎಲ್ಲರೂ ಅರಿವಿಲ್ಲದೆ ಮಾಡುವುದು ಇದನ್ನೇ. ಅರಿವಿಲ್ಲದೆ ಚೆನ್ನಾಗಿ ಮಾಡುತ್ತಿದ್ದ ನನಗೆ ಅರಿವು ಮೂಡಿದ್ದರಿಂದ ಆ ದಿನವೆಲ್ಲ ನೇರ ರಸ್ತೆಯಲ್ಲಿ ನೇರವಾಗಿ ಹೋಗುವುದೂ ಕಷ್ಟವಾಯಿತು.

ಲೈಸೆನ್ಸ್ ಕೈಗೆ ಬಂದ ಮೇಲೆ ತಮ್ಮನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ನಾನು ಬಲಕ್ಕೆ ವಾಲಿದರೆ ಅವನು ಎಡಕ್ಕೆ ವಾಲುತ್ತಿದ್ದ. ಪ್ರತಿ ತಿರುವಿನಲ್ಲೂ ಬಲ ಫುಟ್‌ರೆಸ್ಟನ್ನು ಬ್ರೇಕ್ ಎಂದು ಭಾವಿಸಿ ತುಳಿಯುತ್ತಿದ್ದ. “ಸುಮ್ಮನೆ ಕೂತುಕೊಳ್ಳೋ, ನೀನು ಮಿಸುಕಾಡಿದರೆ ಗಾಡಿ ಎಳೆಯುತ್ತದೆ” ಎಂದು ಗದರಿದೆ. ಸ್ವಲ್ಪ ದೂರ ಸುಮ್ಮನಿದ್ದು ಭುಜ ತಟ್ಟಿದ. “ಅಕ್ಕ, ಇಲ್ಲೇ ಇಳಿಸಿಬಿಡು, ಮುಂದಕ್ಕೆ ನಡೆದುಕೊಂಡೇ ಬರುತ್ತೇನೆ. ಮನೆಯಿಂದ ಹೊರಟಾಗ ಹಾಕಿದ ಎಡ ಇಂಡಿಕೇಟರನ್ನು ನೀನು ಇನ್ನೂ ಆರಿಸಿಲ್ಲ; ಹಿಂದಿನ ಲಾರಿಯವನು ಆಗಿನಿಂದ ನೀನು ತಿರುಗಲಿ ಎಂದು ಕಾಯುತ್ತಿದ್ದಾನೆ.”