ನರಿಗೆ ದೀಪ, ನಮಗೆ ಟಾರ್ಚು

ಫೋಟೋ ನೀವು ನೋಡಿದ್ದೀರಿ. ಪೇಪರಿನಲ್ಲಿ ತಪ್ಪಿದ್ದರೂ ವಾಟ್ಸಾಪಿನಲ್ಲಿ ತಪ್ಪಿರಲಿಕ್ಕಿಲ್ಲ. ಒಂದು ಕೋಳಿಗೂಡು, ಸುತ್ತ ಇಸ್ತ್ರಿ ಹಾಕಿದ ಬಿಳಿ ಅಂಗಿಗಳು, ನಡುವೆ ಅಧ್ಯಕ್ಷರು ಸ್ವಿಚ್ಚಿನ ಮೇಲೆ ಬೆರಳಿಟ್ಟು ಕ್ಯಾಮರಾ ನೋಡುತ್ತಿದ್ದಾರೆ. ಗೂಡಿನೊಳಗೆ ಕೋಳಿ ಒಂದೂ ಇಲ್ಲ. ಹೊತ್ತು ಬೆಳಿಗ್ಗೆ ಹನ್ನೊಂದೂವರೆ. ಆ ಬಿಸಿಲಿನಲ್ಲಿ ದೀಪ ಹೊತ್ತಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಚಪ್ಪಾಳೆ ಮಾತ್ರ ಬಿತ್ತು. ನರಿ ಓಡಿಸುವ ಸೋಲಾರ್ ಮಿನುಗುದೀಪ ಕಾಸರಗೋಡಿನ ನಮ್ಮ ಪಂಚಾಯತಿನಲ್ಲಿ ಲೋಕಾರ್ಪಣೆಗೊಂಡದ್ದು ಹೀಗೆ.

ನಾನು ಈ ಯೋಜನೆಯ ವಿರೋಧಿ ಅಲ್ಲ ಮಾರಾಯ್ರೇ. ಇದರಲ್ಲಿ ಒಂದು ದೂರದೃಷ್ಟಿ ಉಂಟು. ಕಳೆದ ವರ್ಷ ಇದೇ ಪಂಚಾಯತು ಮನೆಮನೆಗೆ ಮೊಟ್ಟೆಕೋಳಿಯ ಮರಿ ಹಂಚಿತ್ತು. ಅರ್ಧ ದುಡ್ಡು ಫಲಾನುಭವಿಯೇ ಕಟ್ಟಬೇಕಿತ್ತು. ಪೂರ್ತಿ ಉಚಿತವಾಗಿ ಸಿಕ್ಕಿದ್ದು ನರಿಗೆ ಮಾತ್ರ. ಮೊದಲು ನರಿಗೆ ಊಟ, ಆಮೇಲೆ ಊಟದ ಹಾಲ್‌ಗೆ ಲೈಟಿಂಗು. ಬಿಸಿಲು ಮಳೆ ಒಟ್ಟಿಗೆ ಬಂದರೆ ಕಾಗೆಗೂ ನರಿಗೂ ಮದುವೆ ಅಂತ ಸಣ್ಣವರಿರುವಾಗ ಹೇಳುತ್ತಿದ್ದೆವು. ಈಗ ಆ ಮದುವೆಯ ಖರ್ಚೂ ಪಂಚಾಯತಿನದ್ದೇ.

ದೀಪದ ಮೇಲೆ ಮಾತ್ರ ಅಪವಾದ ಹೊರಿಸುವ ಹಾಗಿಲ್ಲ. ಆಸ್ಟ್ರೇಲಿಯಾದಲ್ಲಿ ಇಯಾನ್ ವೇಲನ್ ಎಂಬ ಕುರಿ ಸಾಕುವವರೊಬ್ಬರು ಇಂಥದ್ದನ್ನು ಮಾಡಿ ಫಾಕ್ಸ್‌ಲೈಟ್ಸ್ ಅಂತ ಹೆಸರಿಟ್ಟರು. ಅದು ಒಂದೇ ತಾಳದಲ್ಲಿ ಮಿನುಗುವುದಿಲ್ಲ. ಒಮ್ಮೆ ಈ ಬಣ್ಣ, ಒಮ್ಮೆ ಆ ಬಣ್ಣ, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ದೂರದಿಂದ ನೋಡಿದ ಪ್ರಾಣಿಗೆ ಯಾರೋ ಟಾರ್ಚು ಹಿಡಿದು ಸುತ್ತುತ್ತಿದ್ದಾರೆ ಅನಿಸಬೇಕು, ಅಷ್ಟೇ ಉಪಾಯ. ಕೆನ್ಯಾದಲ್ಲಿ ರಿಚರ್ಡ್ ತುರೇರೆ ಎಂಬ ಮಸಾಯಿ ಬುಡಕಟ್ಟಿನ ಹುಡುಗ ಹಳೆಯ ಬ್ಯಾಟರಿ, ಬೈಕಿನ ಇಂಡಿಕೇಟರಿನ ಪೆಟ್ಟಿಗೆ, ಒಂದು ಸೋಲಾರ್ ಹಲಗೆ ಜೋಡಿಸಿ ಸಿಂಹವನ್ನೇ ಹಟ್ಟಿಯಿಂದ ದೂರ ಇಟ್ಟ. ಆ ಹುಡುಗ ಟೆಂಡರು ಕರೆದಿರಲಿಲ್ಲ, ಕಂಬಕ್ಕೆ ಯಾರ ಫೋಟೋವನ್ನೂ ಅಂಟಿಸಿರಲಿಲ್ಲ.

ಇನ್ನೊಂದು ಸಂಗತಿ ಉಂಟು, ಅದನ್ನು ಉದ್ಘಾಟನೆಯ ಭಾಷಣದಲ್ಲಿ ಯಾರೂ ಹೇಳಲಿಲ್ಲ. ಚಿಲಿ ದೇಶದ ಉತ್ತರದ ಎತ್ತರದ ಬಯಲಿನಲ್ಲಿ ಲಾಮಾ, ಅಲ್ಪಾಕಾ ಎಂಬ ಉಣ್ಣೆಯ ಸಾಕುಪ್ರಾಣಿಗಳ ಮಂದೆಗಳಿಗೆ ಇಂಥದೇ ದೀಪ ಇಟ್ಟು ಸಂಶೋಧಕರು ಪರೀಕ್ಷೆ ಮಾಡಿದರು. ಫಲಿತಾಂಶ ಬಂದದ್ದು 2019ರಲ್ಲಿ. ದೊಡ್ಡ ಬೆಕ್ಕಿನ ಜಾತಿಯ ಪ್ಯೂಮಾ ಹೆದರಿತು. ಅಲ್ಲಿಯ ನರಿ ಕ್ಯಾರೇ ಅನ್ನಲಿಲ್ಲ. ಸಿಂಹಕ್ಕಾಯಿತು, ಪ್ಯೂಮಾಕ್ಕಾಯಿತು, ಯಾರ ಹೆಸರಿನಲ್ಲಿ ದೀಪ ಮಾರಾಟವಾಗುತ್ತದೋ ಆ ಜಾತಿಯದೇ ಕ್ಯಾತೆ! ಅದು ಆಂಡೀಸ್ ಪರ್ವತದ ನರಿ, ನಮ್ಮ ಗುಡ್ಡೆಯದು ನಾಯಿ ತೋಳಗಳ ದಾಯಾದಿ ಗುಳ್ಳೆನರಿ, ಕುಲ ಬೇರೆ ಅಂತ ವಾದಿಸಬಹುದು. ಆದರೆ ಬುದ್ಧಿಯ ವಿಷಯದಲ್ಲಿ ನಮ್ಮದು ಅದಕ್ಕಿಂತ ಕಡಿಮೆ ಅಂತ ಯಾರಾದರೂ ಹೇಳಿದರೆ ನನಗೆ ಊರಿನ ಅಭಿಮಾನ ಅಡ್ಡ ಬರುತ್ತದೆ. ನೀಲಿಯ ಬಾನಿಗೆ ಬಿದ್ದು ಬಣ್ಣದಿಂದಲೇ ಹುಲಿ ಸಿಂಹಗಳನ್ನು ಹೆದರಿಸಿ ರಾಜ್ಯ ಆಳಿದ ವಂಶ ಅದು. ಅದಕ್ಕೆ ಬಣ್ಣ ತೋರಿಸಿ ಹೆದರಿಸಲು ಹೊರಟಿದ್ದೇವೆ.

ಟಾರ್ಚು ಹಿಡಿದ ಮನುಷ್ಯನ ಮಾತು ಬಂತಲ್ಲ, ನನಗೆ ಸೂಟೆಯ, ಅಂದರೆ ತೆಂಗಿನ ಒಣಗರಿಯ ಪಂಜಿನ, ನೆನಪಾಗುತ್ತದೆ. ಯಕ್ಷಗಾನದ ಕವಿ ಪಾರ್ತಿಸುಬ್ಬ ಹುಟ್ಟಿದ ಸೀಮೆ ಇದು. ಬಯಲಾಟ ಅಂದರೆ ಬೆಳಗಿನವರೆಗೆ. ಆಟಕ್ಕೆ ಮೊದಲಿನ ಚೌಕಿಪೂಜೆಗೆ ಹೋಗುವವರು ಒಂದು ಗುಂಪು, ಪ್ರಸಂಗ ಏರಿದ ಮೇಲೆ ಹೋಗುವವರು ಇನ್ನೊಂದು, ಹಾಸ್ಯಗಾರನ ಪ್ರವೇಶ ಮುಗಿಸಿ ಎದ್ದು ಬರುವವರು ಮತ್ತೊಂದು. ಒಣ ಮಡಲಿನ ಸೂಟೆ ಬೀಸುತ್ತಾ, ಗದ್ದೆಯ ಕಟ್ಟಪುಣಿಯ ಮೇಲೆ ಒಬ್ಬರ ಹಿಂದೊಬ್ಬರು, ಭಾಗವತರ ಪದವನ್ನು ತಪ್ಪು ರಾಗದಲ್ಲಿ ಹೇಳುತ್ತಾ ಬರುವ ಜನ. ಅಡಿಕೆ ಸುಲಿಯುವವರು ಇನ್ನೊಂದು ಕಡೆ ಲಾಟಾನು ಇಟ್ಟುಕೊಂಡು ಜಾಮದವರೆಗೆ ಪಟ್ಟಾಂಗ. ನರಿಗೆ ಆ ಕಾಲದಲ್ಲಿ ಅಂಗಳಕ್ಕೆ ಇಳಿಯಲು ಪುರುಸೊತ್ತೇ ಸಿಗುತ್ತಿರಲಿಲ್ಲ. ಈಗ ಆಟ ಕಾಲಮಿತಿ, ನಡುರಾತ್ರಿಗೇ ಮಂಗಳ. ಬಂದವರೆಲ್ಲ ಕಾರಿನಲ್ಲಿ ಗಾಜು ಏರಿಸಿ ಹೋಗುತ್ತಾರೆ. ಅಡಿಕೆ ಸುಲಿಯಲು ಮಿಶಿನು ಬಂತು. ಹುಡುಗರು ದುಬಾಯಿಯಲ್ಲಿ, ಬೆಂಗಳೂರಿನಲ್ಲಿ. ಮನೆಯಲ್ಲಿ ಉಳಿದ ಇಬ್ಬರು ಎಂಟೂವರೆಗೆ ಗುಳಿಗೆ ನುಂಗಿ ಮಲಗುತ್ತಾರೆ. ಊರಿನಲ್ಲಿ ಜನ ಇಲ್ಲದ್ದಕ್ಕೆ ಜನ ಇದ್ದಾರೆ ಅಂತ ತೋರಿಸುವ ದೀಪ ಹಚ್ಚಿದ್ದೇವೆ. ನಾಳೆ ರೇಷನ್ ಕಾರ್ಡಿಗೂ ಅದರ ಹೆಸರು ಸೇರಿಸಬಹುದು.

ಆಚೆಮನೆಯ ಅಕ್ಕನಿಗೂ ಒಂದು ಸಿಕ್ಕಿತು. ಅದರ ಜೊತೆ ಬಂದ ಚೀಟಿ ಇಂಗ್ಲಿಷು ಮತ್ತು ಮಲಯಾಳದಲ್ಲಿ. ಕನ್ನಡದವರು ನರಿಯ ಜೊತೆ ನೇರವಾಗಿ ಮಾತಾಡಿಕೊಳ್ಳಬೇಕು ಅಂತ ಇರಬೇಕು. ನಾನು ಓದಿ ಹೇಳಿದೆ: ದೀಪ ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಇರಬೇಕು, ಆಗಾಗ ಜಾಗ ಬದಲಿಸಬೇಕು, ಇಲ್ಲದಿದ್ದರೆ ಪ್ರಾಣಿಗೆ ಅಭ್ಯಾಸ ಆಗಿಬಿಡುತ್ತದೆ. ನರಿಯ ಕಣ್ಣು ಅಂದರೆ ಮೊಣಕಾಲಿನ ಎತ್ತರ. ನಮ್ಮ ಕಂಟ್ರಾಕ್ಟುದಾರರು ಹತ್ತಡಿಯ ಕಬ್ಬಿಣದ ಕಂಬ ನೆಟ್ಟು, ಬುಡಕ್ಕೆ ಕಾಂಕ್ರೀಟು ಸುರಿದು, ತುದಿಯಲ್ಲಿ ದೀಪ, ಅದರ ಕೆಳಗೆ ಬೋರ್ಡು, ಬೋರ್ಡಿನಲ್ಲಿ ಮೆಂಬರರ ನಗುಮುಖ ಇಟ್ಟಿದ್ದಾರೆ. ಕಣ್ಣಿನ ಮಟ್ಟ ಹೌದು, ಮತದಾರನ ಕಣ್ಣಿನ ಮಟ್ಟ. ಜಾಗ ಬದಲಿಸಬೇಕಾದರೆ ಜೆಸಿಬಿ ತರಿಸಬೇಕು. ಸೋಲಾರ್ ಹಲಗೆ ಇರುವುದು ಅಡಿಕೆ ತೋಟದ ನೆರಳಿನಲ್ಲಿ, ಸೋಗೆಯ ಅಡಿಯಲ್ಲಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಜಿಲ್ಲೆ. ಆಟಿ ತಿಂಗಳ ಮಳೆಯಲ್ಲಿ ಒಂದು ಹಪ್ಪಳ ಒಣಗುವುದಿಲ್ಲ, ಬ್ಯಾಟರಿ ಹೇಗೆ ತುಂಬುತ್ತದೆ? ಸೋಲಾರ್ ಅಂದರೆ ಕೇರಳದಲ್ಲಿ 2013ರ ಸೋಲಾರ್ ಹಗರಣದಿಂದಲೂ ಸ್ವಲ್ಪ ಗ್ರಹಚಾರದ ವಿಷಯ, ಜಾಸ್ತಿ ಮಾತಾಡುವುದು ಬೇಡ.

ಮೊದಲ ವಾರ ನರಿ ಬರಲಿಲ್ಲವಂತೆ. ಆಮೇಲೆ ಬಂತು. ದೀಪ ಮಿನುಗುತ್ತಿದ್ದ ಹಾಗೆಯೇ ಬಂದು, ಗೂಡಿನ ಹಿಂಬದಿಯ ಮಣ್ಣು ಕೆರೆದು, ಒಳ್ಳೆಯ ಕೋಳಿಯನ್ನೇ ಆರಿಸಿ ತೆಗೆದುಕೊಂಡು ಹೋಯಿತು. ಅಕ್ಕ ಹೇಳಿದ್ದು ಇಷ್ಟು: "ಕತ್ತಲೆಯಲ್ಲಿ ಅದು ಸಿಕ್ಕಿದ್ದನ್ನು ಹಿಡಿಯುತ್ತಿತ್ತು ಅಣ್ಣ. ಈಗ ಬೆಳಕಿದೆಯಲ್ಲ, ನೋಡಿ ಹಿಡಿಯುತ್ತದೆ." ನಷ್ಟಕ್ಕೆ ಅರ್ಜಿ ಹಾಕಲು ಹೋದರೆ ಕಳೇಬರ ಎಲ್ಲಿ ಅಂತ ಕೇಳಿದರಂತೆ. ನರಿ ತಿಂದ ಕೋಳಿಯ ಕಳೇಬರ!

ಕಾಡುಹಂದಿಯ ವಿಷಯದಲ್ಲಾದರೆ 2022ರಲ್ಲಿ ಕೇರಳ ಸರಕಾರ ಪಂಚಾಯತು ಅಧ್ಯಕ್ಷರಿಗೇ ಗೌರವ ವನ್ಯಜೀವಿ ವಾರ್ಡನ್ ಪಟ್ಟ ಕಟ್ಟಿ, ಗುಂಡು ಹೊಡೆಸುವ ಅಧಿಕಾರ ಕೊಟ್ಟಿದೆ. ಹಂದಿ ಇನ್ನೂ ಗೆಣಸು ಅಗೆಯುತ್ತಲೇ ಇದೆ. ಅದನ್ನು ಇನ್ನೊಮ್ಮೆ ಬರೆಯುವೆ.

ಈಗ ತಮಾಷೆ ಬಿಡಿ. ನಮ್ಮ ಬಸ್ ಸ್ಟಾಪಿನಿಂದ ಒಳರಸ್ತೆಗೆ ತಿರುಗುವಲ್ಲಿ ಒಂದು ಬೀದಿದೀಪ ಉಂಟು. ಕಳೆದ ಮಳೆಗಾಲದಲ್ಲಿ ಕೆಟ್ಟದ್ದು. ಮಂಗಳೂರಿನ ಆಸ್ಪತ್ರೆಗಳಲ್ಲಿ ಡ್ಯೂಟಿ ಮುಗಿಸಿ ಕೊನೆಯ ಬಸ್ಸಿಗೆ ಇಳಿಯುವ ಹೆಣ್ಣುಮಕ್ಕಳು ಅಲ್ಲಿಂದ ಮೊಬೈಲಿನ ಬೆಳಕಿನಲ್ಲಿ ಮನೆ ಸೇರುತ್ತಾರೆ. ಮುಳಿಯಾರು, ಕಾರಡ್ಕದ ಕಡೆ ಚಿರತೆ ಕಾಣಿಸಿದ ಸುದ್ದಿ ಬಂದ ಮೇಲೆ ಅಪ್ಪಂದಿರು ಬಸ್ಸಿಗೆ ಮೊದಲೇ ಬಂದು ಅಲ್ಲಿ ನಿಂತಿರುತ್ತಾರೆ. ಪಂಚಾಯತಿನಲ್ಲಿ ಕೇಳಿದರೆ ಕರೆಂಟಿನ ಆಫೀಸು, ಅಲ್ಲಿ ಕೇಳಿದರೆ ಕಂಟ್ರಾಕ್ಟುದಾರ, ಅವನ ಫೋನು ಸ್ವಿಚ್ ಆಫ್. ಒಂದು ಬಲ್ಬು ಬದಲಿಸಲು ಆಗುವುದಿಲ್ಲ ಇವರಿಗೆ. ಕೋಳಿಗೂಡಿಗೆ ಹತ್ತಡಿಯ ಕಂಬ ನೆಡಲು ಆಗುತ್ತದೆ. ನಾಚಿಕೆ ಅಂತ ಒಂದು ಇರಬೇಕಲ್ಲ? ಬರೆದು ಬರೆದು ನನಗೂ ಸಾಕಾಗಿದೆ.

ಗ್ರಾಮಸಭೆಯಲ್ಲಿ ಅಕ್ಕ ಎದ್ದು ನಿಂತರು. ನರಿ ಬರುವುದು ಎರಡೇ ದಾರಿಯಲ್ಲಿ ಎಂದರು. ಒಂದು, ಅಡಿಯ ಮಣ್ಣು ಕೆರೆದು. ಅದಕ್ಕೆ ಗಟ್ಟಿ ಕಂಬಿಬಲೆಯನ್ನು ಒಂದಡಿ ಮಣ್ಣಿನೊಳಗೆ ಹೂತರಾಯಿತು, ಅದನ್ನು ತಾನೇ ಮಾಡಿಯಾಯಿತು. ಅಂಗಡಿಯಲ್ಲಿ ಕೋಳಿಬಲೆ ಅಂತ ಕೊಡುವ ತೆಳು ಬಲೆ ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ, ನರಿಯ ಹಲ್ಲಿಗೆ ಅದು ಏನೂ ಅಲ್ಲ. ಇನ್ನೊಂದು ದಾರಿ ಬಾಗಿಲು. ಅದನ್ನು ಈಗ ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟುವುದು, ನರಿ ಜಗ್ಗಿ ಬಿಚ್ಚುತ್ತದೆ. ದೀಪ ಬೇಕಾದರೆ ವಾಪಾಸು ತೆಗೆದುಕೊಂಡು ಹೋಗಿ, ದೀಪ ಕೊಟ್ಟ ಮನೆಗಳಿಗೆಲ್ಲ ಒಂದೊಂದು ಕಬ್ಬಿಣದ ಚಿಲಕ ಕೊಡಿ ಎಂದರು.

ಸಭೆ ಸುಮ್ಮನಾಯಿತು. ಮೆಂಬರರು ಫೈಲು ತಿರುವಿದರು, ಕಾರ್ಯದರ್ಶಿಯ ಮುಖ ನೋಡಿದರು. ಚಿಲಕ ಖರ್ಚಿನ ಯಾವ ಹೆಡ್ಡಿನಲ್ಲೂ ಬರುವುದಿಲ್ಲ ಅಂತ ಕಾರ್ಯದರ್ಶಿ ಹೇಳಿದರು. ಸಭೆ ಮುಗಿದ ಮೇಲೆ ಚಹಾದ ಹತ್ತಿರ ಮೆಂಬರರು ನನ್ನನ್ನು ಪಕ್ಕಕ್ಕೆ ಕರೆದರು.

"ಮಾಷ್ಟ್ರೇ, ನೀವೇ ಹೇಳಿ, ಚಿಲಕವನ್ನು ಉದ್ಘಾಟನೆ ಮಾಡುವುದು ಹೇಗೆ? ಒಂದು ಕೆಲಸ ಮಾಡಿ. ಸೋಲಾರ್ ಚಿಲಕ ಅಂತ ಒಂದು ಅರ್ಜಿ ಬರೆದುಕೊಡಿ, ನೋಡುವ."